ಎಲ್ಲಿ ಕೂತಿದ್ದ ಎಂದು ಕೇಳುತ್ತಿದ್ದವರು

ನಮ್ಮ ಹೆಡ್ ಮೇಡಂ ಬಳಿಗೆ ಯಾವ ಮಗುವಿನ ಮೇಲೆ ಏನೇ ದೂರು ಹೋದರೂ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು ಒಂದೇ: "ಎಲ್ಲಿ ಕೂತಿದ್ದ?"

ಗಣಿತದ ಮೇಷ್ಟ್ರು ಒಂದು ಮಧ್ಯಾಹ್ನ ಐದನೇ ಕ್ಲಾಸಿನ ಹುಡುಗನೊಬ್ಬನ ರಟ್ಟೆ ಹಿಡಿದು ಆಫೀಸ್ ರೂಮಿಗೆ ಕರೆತಂದರು. "ಮೇಡಂ, ಇವನನ್ನ ಸಂಭಾಳಿಸೋಕೆ ನನ್ನ ಕೈಲಾಗಲ್ಲ. ಪಾಠ ಕೇಳಲ್ಲ, ಪಕ್ಕದಲ್ಲಿರೋರನ್ನೆಲ್ಲ ತಿವೀತಾನೆ."

"ಎಲ್ಲಿ ಕೂತಿದ್ದ?"

"ಎಲ್ಲಿ ಕೂತ್ರೇನು ಮೇಡಂ? ತಿವಿಯೋದು ತಿವಿಯೋದೇ ಅಲ್ವಾ?"

ಮೇಡಂ ಎದ್ದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಕ್ಲಾಸಿಗೆ ಹೋದರು. ಹುಡುಗ ತೋರಿಸಿದ ಜಾಗದಲ್ಲಿ, ಪಡುವಣ ಗೋಡೆಗೆ ಒತ್ತಿದ್ದ ಬೆಂಚಿನ ತುದಿಯಲ್ಲಿ ಹೋಗಿ ಕೂತರು. ಮೇಷ್ಟ್ರಿಗೆ ಪಾಠ ಮುಂದುವರಿಸಲು ಹೇಳಿದರು. ಮಧ್ಯಾಹ್ನದ ಗೋಡೆ ಒಲೆಯ ಕಲ್ಲಿನ ಹಾಗೆ ಕಾದಿತ್ತು. ಸ್ವಲ್ಪ ಹೊತ್ತು ಬೆವರು ಒರೆಸಿಕೊಳ್ಳುತ್ತ ಕೂತಿದ್ದವರು ಆಮೇಲೆ ಎದ್ದು, "ಇಲ್ಲಿ ಕೂತ್ರೆ ನಾನೂ ತಿವೀತೀನಿ ಮೇಷ್ಟ್ರೆ" ಅಂದರು. ಮಕ್ಕಳೆಲ್ಲ ನಕ್ಕರು. ಗಣಿತದ ಮೇಷ್ಟ್ರು ಮಾತ್ರ ನಗಲಿಲ್ಲ. ಆದರೆ ಬೆಂಚುಗಳನ್ನು ಗೋಡೆಯಿಂದ ದೂರ ಎಳೆಯುವಾಗ ಅವರೂ ಒಂದು ಕಡೆ ಕೈ ಹಾಕಿದರು.

ಉಯ್ಯಂಬಳ್ಳಿ ಹೋಬಳಿಯ ಒಂದು ಸಣ್ಣ ಊರಿನ ಸರ್ಕಾರಿ ಶಾಲೆ ನಮ್ಮದು. ಒಂದರಿಂದ ಏಳರವರೆಗೆ ತರಗತಿಗಳು. ಹೆಂಚಿನ ಹಳೆಯ ರೂಮುಗಳು ಎರಡು, ಶೀಟು ಹೊದಿಸಿದ ರೂಮುಗಳು ಎರಡು. ಹಿಂದೆ ರಾಗಿ ಹೊಲ, ಹಿಪ್ಪುನೇರಳೆ ತೋಟ, ಅದರಾಚೆ ಕಾಡು. ಅದು ನನ್ನ ಮೊದಲ ಪೋಸ್ಟಿಂಗ್. ಮೇಡಂ ಬರುವ ಹೊತ್ತಿಗೆ ನಾನಲ್ಲಿ ಒಂದು ವರ್ಷ ಕಳೆದಿದ್ದೆ. ಕೆಲಸ ಬಿಟ್ಟುಬಿಡೋಣ ಅಂತ ಮನೆಯಲ್ಲಿ ಹೇಳಿಯೂ ಆಗಿತ್ತು.

ಕಾರಣ ನನ್ನ ಮಾತು. ನನಗೆ ಚಿಕ್ಕಂದಿನಿಂದ ಉಗ್ಗು. ಪರೀಕ್ಷೆ ಪಾಸು ಮಾಡುವುದಕ್ಕೆ ಉಗ್ಗು ಅಡ್ಡ ಬರಲಿಲ್ಲ, ಪಾಠ ಮಾಡುವುದಕ್ಕೆ ಬಂತು. ಅದರಲ್ಲೂ ಬೆಳಿಗ್ಗೆ ಹಾಜರಿ ಕರೆಯುವ ಹೊತ್ತು. 'ಪ' ಮತ್ತು 'ಮ' ನನ್ನ ತುಟಿಗಳನ್ನು ಅಂಟು ಹಾಕಿದಂತೆ ಹಿಡಿದುಬಿಡುತ್ತವೆ. ನಮ್ಮ ಕಡೆ ಪ್ರಜ್ವಲ್, ಪವಿತ್ರ, ಮಹದೇವ, ಮಾದೇಶ ಇಲ್ಲದ ಕ್ಲಾಸು ಎಲ್ಲಿದೆ? ನಾನು "ಪ್... ಪ್..." ಅನ್ನುತ್ತಿದ್ದ ಹಾಗೆ ಮಕ್ಕಳೇ ಒಟ್ಟಾಗಿ ಹೆಸರು ಪೂರ್ತಿ ಮಾಡಿ ಕೂಗುತ್ತಿದ್ದರು. ಅವರಿಗೆ ಅದೊಂದು ಆಟ. ನನಗೆ ಮಾತ್ರ ಅಷ್ಟರಲ್ಲೇ ಆ ದಿನ ಮುಗಿದುಹೋಗುತ್ತಿತ್ತು.

ಮೇಡಂ ಬಂದ ಮೊದಲ ವಾರ ಆಫೀಸಿನಲ್ಲಿ ಕೂರಲೇ ಇಲ್ಲ. ಪ್ರತಿ ಕ್ಲಾಸಿನ ಹಿಂದಿನ ಸಾಲಿನಲ್ಲಿ, ಮಕ್ಕಳ ಜೊತೆ ಆ ತಗ್ಗು ಬೆಂಚಿನ ಮೇಲೆ ಕೂತರು. ಕುಳ್ಳು ಹೆಂಗಸು, ದಪ್ಪ ಕನ್ನಡಕ, ಎರಡೂ ಮಂಡಿಯಲ್ಲಿ ನೋವು. ಕೂರುವುದು ಹೇಗೋ ಆಗುತ್ತಿತ್ತು, ಏಳುವುದಕ್ಕೆ ಮಾತ್ರ ಹತ್ತಿರವಿದ್ದ ಮಗುವಿನ ಕಡೆ ಕೈ ಚಾಚಿ "ಒಸಿ ಎಬ್ಬಿಸಪ್ಪ" ಅನ್ನುತ್ತಿದ್ದರು. ಮಕ್ಕಳ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. ಹುಡುಗರೆಲ್ಲ ಅಪ್ಪ, ಹುಡುಗಿಯರೆಲ್ಲ ಅವ್ವ. ಯಾವ ಮಗುವಿಗೆ ಯಾವ ಕಿಟಕಿಯ ಬೆಳಕು ಆಗುವುದಿಲ್ಲ ಅನ್ನುವುದು ಮಾತ್ರ ಮರೆಯುತ್ತಿರಲಿಲ್ಲ.

ನನ್ನ ಕ್ಲಾಸಿನಲ್ಲಿ ಎರಡು ದಿನ ಕೂತಿದ್ದರು. ನನ್ನ ಮಾತಿನ ಬಗ್ಗೆ ಒಂದಕ್ಷರ ಎತ್ತಲಿಲ್ಲ. ಮುಂದಿನ ಸೋಮವಾರ ಎಲ್ಲ ಕ್ಲಾಸಿನ ಬಾಗಿಲ ಬಳಿ ಒಂದೊಂದು ಹಲಗೆ ಬಂತು. ಹಲಗೆಗೆ ಮೊಳೆಗಳು, ಒಂದೊಂದು ಮೊಳೆಗೂ ಒಂದೊಂದು ಮಗುವಿನ ಹೆಸರಿನ ಬಿಲ್ಲೆ. ಒಳಗೆ ಬರುವಾಗ ಮಗು ತನ್ನ ಬಿಲ್ಲೆಯನ್ನು ತಾನೇ ತಿರುಗಿಸಬೇಕು. ಹಿಂಬದಿಯಲ್ಲಿ ಅವರವರೇ ಬರೆದ ಚಿತ್ರ: ಕೋಳಿ, ಬಸ್ಸು, ರೇಷ್ಮೆ ಗೂಡು. ತಿರುಗದೆ ಉಳಿದ ಬಿಲ್ಲೆ ನೋಡಿ ಮೇಷ್ಟ್ರು ಹಾಜರಿ ಹಾಕಿಕೊಂಡರಾಯಿತು. "ಮಕ್ಕಳಿಗೆ ಜವಾಬ್ದಾರಿ ಬರಲಿ ಅಂತ" ಅಂದರು ಎಲ್ಲರಿಗೂ. ನಾನೂ ಹಾಗೇ ತಿಳಿದೆ. ಆ ಬೆಳಿಗ್ಗೆ ಯಾಕೆ ನನ್ನ ಎದೆ ಹಗುರವಾಗಿತ್ತು ಅಂತ ಸಂಜೆ ಬಸ್ಸು ಹತ್ತಿದ ಮೇಲಷ್ಟೇ ಗೊತ್ತಾಯಿತು.

ಇಬ್ಬರೂ ಕನಕಪುರದಲ್ಲಿ ಮನೆ ಮಾಡಿಕೊಂಡಿದ್ದರಿಂದ ಓಡಾಟ ಒಂದೇ ಬಸ್ಸಿನಲ್ಲಿ. ಅವರ ಊರು ದೊಡ್ಡಮಳೂರು, ನನ್ನದೂ ಚನ್ನಪಟ್ಟಣ ತಾಲ್ಲೂಕೇ. ಹೀಗಾಗಿ ಬಸ್ಸಿನಲ್ಲಿ ನಮ್ಮೂರಿನ ಮಾತು ಬರುತ್ತಿತ್ತು. ಒಂದು ದಿನ ಕೇಳಿದೆ, ಈ ಜಾಗದ ಹುಚ್ಚು ನಿಮಗೆ ಎಲ್ಲಿಂದ ಹಿಡೀತು ಮೇಡಂ ಅಂತ. ಆ ಪ್ರಶ್ನೆ ಕೇಳಿ ಮುಗಿಸುವುದಕ್ಕೆ ನನಗೆ ಬಹಳ ಹೊತ್ತು ಬೇಕಾಯಿತು. ಅವರು ಕಿಟಕಿಯಾಚೆ ನೋಡಲಿಲ್ಲ, ನನ್ನ ಮಾತು ತಾವು ಪೂರ್ತಿ ಮಾಡಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತ ಕೂತಿದ್ದರು.

"ನಾನು ಐದನೇ ಕ್ಲಾಸಲ್ಲಿ ಬಾಗಿಲ ಪಕ್ಕ ಕೂತಿದ್ದೆ ಕಣಪ್ಪ" ಅಂದರು. "ಬೋರ್ಡ್ ಮೇಲೆ ಬಿಸಿಲು ಬಿದ್ದು ಬರೀ ಬೆಳ್ಳಗೆ ಹೊಳೆಯೋದು, ಒಂದಕ್ಷರ ಕಾಣ್ತಿರಲಿಲ್ಲ. ಹೇಳ್ಕೊಳೋಕೆ ಭಯ. ವರ್ಷವೆಲ್ಲ ದಡ್ಡಿ ಅನ್ನಿಸ್ಕೊಂಡೆ. ಆರನೇ ಕ್ಲಾಸಿಗೆ ಬೇರೆ ರೂಮಾಯ್ತು ನೋಡು, ಜಾಣೆ ಆಗ್ಬುಟ್ಟೆ."

ಅವರೇ ಜೋರಾಗಿ ನಕ್ಕರು. ಆಮೇಲೆ, "ಮುಂದಿನ ತಿಂಗಳಿಂದ ಚಿಕ್ಕ ಮಕ್ಕಳ ಕ್ಲಾಸು ನೀವು ತಗೊಳ್ಳಿ ಮೇಷ್ಟ್ರೆ. ನೀವು ಹಾಡುವಾಗ ಎಲ್ಲೂ ನಿಲ್ಲಲ್ಲ, ಪ್ರಾರ್ಥನೆಲಿ ಕೇಳಿದೀನಿ" ಅಂದು, ನಾನು ಉತ್ತರಿಸುವ ಮೊದಲೇ ಸೀಟಿಗೆ ತಲೆಯಾನಿಸಿ ನಿದ್ದೆ ಹೋದರು. ಬಸ್ಸು ಹತ್ತಿದರೆ ಅವರಿಗೆ ನಿದ್ದೆ ಎಲ್ಲಿಂದ ಬರುತ್ತಿತ್ತೋ.

ನಿದ್ದೆಯ ಬೆಲೆ ಗೊತ್ತಿದ್ದವರು. ನಮ್ಮ ಶಾಲೆಯ ಊರಿಗೆ ರಾಗಿ ತೆನೆ ಕಟ್ಟುವ ಕಾಲಕ್ಕೆ ಆನೆಗಳು ಬರುತ್ತವೆ. ಆನೆ ಬಂದ ರಾತ್ರಿ ಹೊಲದಂಚಿನ ಮನೆಗಳಲ್ಲಿ ಯಾರೂ ಮಲಗುವುದಿಲ್ಲ. ತಗಡು ಬಡಿಯುವುದು, ಪಟಾಕಿ ಹಚ್ಚುವುದು, ಕೂಗು. ಮಕ್ಕಳು ಬೆಳಿಗ್ಗೆ ಸ್ಕೂಲಿಗೆ ಬಂದು ಮೊದಲ ಪಾಠಕ್ಕೇ ತೂಕಡಿಸುತ್ತಿದ್ದರು. ನಾವು ಎಬ್ಬಿಸಿ ಮುಖ ತೊಳೆಸಿ ಕೂರಿಸುತ್ತಿದ್ದೆವು. ಮೇಡಂ ಬಂದ ಮೇಲೆ ಆಫೀಸ್ ರೂಮಿನ ಬೀರು ಹೊರಗೆ ಹೋಯಿತು, ಆ ಜಾಗಕ್ಕೆ ಚಾಪೆಗಳು ಬಂದವು. ಬಾಗಿಲಲ್ಲಿ ನಿಂತು ಮಕ್ಕಳ ಕಣ್ಣು ನೋಡಿ, "ರಾತ್ರಿ ಆನೆ ಬಂದಿತ್ತೇನವ್ವ? ಹೋಗು, ಒಸಿ ಮಲಗೆದ್ದು ಬಾ" ಅನ್ನುತ್ತಿದ್ದರು.

ಒಂದು ಸಲ ಮೇಲಿನ ಸಾಹೇಬರೊಬ್ಬರು ಹೇಳದೆ ಕೇಳದೆ ಬಂದುಬಿಟ್ಟರು. ಆಫೀಸ್ ಬಾಗಿಲು ತೆರೆದರೆ ಸಾಲಾಗಿ ಮಕ್ಕಳು ಮಲಗಿದ್ದಾರೆ.

"ಏನ್ ಮೇಡಂ ಇದು, ಸ್ಕೂಲೋ ಛತ್ರವೋ?"

"ಮೆಲ್ಲಗೆ ಮಾತಾಡಿ ಸಾರ್, ಎದ್ದುಬುಡ್ತವೆ" ಅಂದರು ಮೇಡಂ. "ರಾತ್ರಿಯೆಲ್ಲ ಆನೆ ಓಡಿಸಿದಾವೆ. ಇನ್ನು ಒಂದು ಗಂಟೆ ಬಿಟ್ಟು ಏನು ಬೇಕಾದ್ರೂ ಕೇಳಿ."

ಸಾಹೇಬರು ಕಾದರು. ಮಕ್ಕಳೆದ್ದ ಮೇಲೆ ಒಬ್ಬಳಿಗೆ ಮಗ್ಗಿ ಕೇಳಿದರು, ಸರಿಯಾಗಿ ಹೇಳಿದಳು. ಇನ್ನೊಬ್ಬನಿಗೆ ಕೇಳಿದರು, ಪೂರಾ ತಪ್ಪು ಹೇಳಿದ. ಮೇಡಂ, "ಅವನು ನಿದ್ದೆ ಮಾಡದೆ ಇದ್ರೂ ಅಷ್ಟೇ ಸಾರ್, ಅವನಿಗೆ ಇನ್ನೊಸಿ ದಿನ ಬೇಕು" ಅಂದರು. ಸಾಹೇಬರು ಬೈದೇ ಹೋದರು. ಚಾಪೆಗಳು ಇದ್ದಲ್ಲೇ ಇದ್ದವು.

ಅವರ ಜೊತೆ ಕೆಲಸ ಮಾಡುವುದು ಸುಖವಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಸೋಮವಾರ ಬಂದರೆ ಬೆಂಚು ಎಳೆಯುವ ಕೆಲಸ ಇದ್ದದ್ದೇ. ಕರಿಹಲಗೆಯನ್ನು ಕೆಳಗಿಳಿಸಿದರು, ಅದು ಸಾಲದೆಂದು ಇನ್ನೂ ಕೆಳಗಿಳಿಸಿದರು. ಮುಂಗೋಪ. ನಾವು ಎದುರಾಡಿದರೆ ಸಂಜೆಯವರೆಗೂ ಮಾತು ಬಿಡುವರು. ಸಂಜೆ ಬಸ್‌ಸ್ಟಾಪಿನಲ್ಲಿ ಟೀ ಕೊಡಿಸಿ ರಾಜಿ. ಆ ಟೀಗೆ ಅವರು ಸುರಿದುಕೊಳ್ಳುತ್ತಿದ್ದ ಸಕ್ಕರೆ ನೋಡಿ ಅಂಗಡಿಯವನೇ "ಸಾಕು ಮೇಡಮ್ಮೋರೆ" ಅನ್ನುತ್ತಿದ್ದ.

ಪೂರ್ವಿಕ ನಮ್ಮ ಶಾಲೆಗೆ ಸೇರಿದ್ದು ಮೇಡಂ ಬಂದ ವರ್ಷವೇ. ಊರಿನ ಮಂಜುಳಮ್ಮನ ಮಗಳು, ಒಂದನೇ ಕ್ಲಾಸಿಗೆ. ಮಾತು ಬಹಳ ಕಮ್ಮಿ. ಕರೆದರೆ ತಿರುಗಿ ನೋಡುವುದಿಲ್ಲ, ಯಾರಾದರೂ ಮುಟ್ಟಿದರೆ ಮೈ ಸೆಟೆದುಕೊಳ್ಳುತ್ತಾಳೆ. ಶಬ್ದ ಅಂದರೆ ಆಗುವುದಿಲ್ಲ. ಗಂಟೆಯೆಂದು ನಾವು ಬಡಿಯುತ್ತಿದ್ದದ್ದು ತೂಗುಹಾಕಿದ ರೈಲು ಕಂಬಿಯ ತುಂಡು. ಅದು ಬಡಿದಾಗಲೆಲ್ಲ ಮಗು ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ತೂರುತ್ತಿತ್ತು. ಮೊದಲ ವಾರದಲ್ಲೇ ಮೇಡಂ ಕಂಬಿ ಬಿಚ್ಚಿಸಿದರು. ಬದಲಿಗೆ ಏಳನೇ ಕ್ಲಾಸಿನ ಹುಡುಗಿಯರು ಬಾಗಿಲಿಂದ ಬಾಗಿಲಿಗೆ ಹೋಗಿ ಕೈಯೆತ್ತಿ ತೋರಿಸಿ ಬರುವುದು. ದಿನದಲ್ಲಿ ಒಂದಾದ ಮೇಲೊಂದು ಏನೇನು ನಡೆಯುತ್ತದೆ ಅನ್ನುವುದನ್ನು ಚಿತ್ರ ಬರೆಸಿ ಸಾಲಾಗಿ ಅಂಟಿಸಿದರು. ಹಾಡು, ಓದು, ಹಾಲು, ಆಟ, ಊಟದ ತಟ್ಟೆ. ಪೂರ್ವಿಕ ಬೆಳಿಗ್ಗೆ ಬಂದವಳೇ ಆ ಚಿತ್ರಗಳ ಮೇಲೆ ಬೆರಳಾಡಿಸಿ, ತಟ್ಟೆಯ ತನಕ ಮುಟ್ಟಿದ ಮೇಲೆಯೇ ಕೂರುತ್ತಿದ್ದಳು. ಕ್ಲಾಸಿನ ಗೋಡೆಗೂ ಅಲ್ಲಿದ್ದ ಬೀರುವಿಗೂ ನಡುವಿನ ಸಂದು ಅವಳ ಜಾಗ. ನಾನು ಹಾಡು ಶುರು ಮಾಡಿದರೆ ಸಂದಿನಿಂದ ಅರ್ಧ ಮುಖ ಹೊರಗೆ ಬರುತ್ತಿತ್ತು.

ಆಗಸ್ಟ್ ಹದಿನೈದಕ್ಕೆ ಶಾಲಾ ಸಮಿತಿಯ ಅಧ್ಯಕ್ಷ ಶಿವಣ್ಣ ತನ್ನ ಖುಷಿಗೆ ಮೈಕ್ ಸೆಟ್ ತಂದು ಕಟ್ಟಿಸಿದ. ನಮಗೂ ಸಂಭ್ರಮವೇ. ಬಾವುಟ ಏರಿತು, ಭಾಷಣಕ್ಕೆ ಮೈಕ್ ಹಿಡಿದದ್ದೇ ತಡ ಕೊಯ್ ಅಂತ ಕಿವಿ ಸೀಳುವ ಹಾಗೆ ಕಿರುಚಿತು. ನನ್ನ ಪಕ್ಕ ನಿಂತಿದ್ದ ಪೂರ್ವಿಕ ನಾನು ತಿರುಗುವಷ್ಟರಲ್ಲಿ ಇಲ್ಲ.

ಊರಿಗೆ ಊರೇ ಹುಡುಕಿತು. ಶಿವಣ್ಣನೇ ಎಲ್ಲರಿಗಿಂತ ಮುಂದೆ. ಕೊನೆಗೆ ಕಾಡಿನಂಚಿನ ಹಳ್ಳದ ಮೋರಿಯೊಳಗೆ ಕಿವಿ ಮುಚ್ಚಿಕೊಂಡು ಕೂತಿದ್ದವಳು ಸಿಕ್ಕಳು. ಸುತ್ತ ಆನೆಯ ಹಸಿ ಲದ್ದಿ. ಮಂಜುಳಮ್ಮ ಮಗಳನ್ನು ಎದೆಗೆ ಒತ್ತಿಕೊಳ್ಳಲೂ ಆಗದೆ, ಮುಟ್ಟಿದರೆ ಮತ್ತೆ ಕೂಗುತ್ತಾಳೆಂದು ಕೈ ಹಿಂದೆ ಕಟ್ಟಿಕೊಂಡು ಅಳುತ್ತ ನಿಂತಿದ್ದಳು. ಆ ನಿಲುವು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಅದಾದ ಕೆಲವೇ ದಿನಕ್ಕೆ ಶಾಲೆಯ ಜಗಲಿಯಲ್ಲಿ ಮೀಟಿಂಗ್ ಸೇರಿತು. ಶಿವಣ್ಣ ಕೆಟ್ಟವನಲ್ಲ. ಹೆದರಿದ್ದ.

"ನೋಡಿ ಮೇಡಮ್ಮೋರೆ, ನಮಗೆ ಆ ಮಗಿನ ಮ್ಯಾಲೆ ದ್ವೇಷ ಏನೂ ಇಲ್ಲ. ನಾಳೆ ಕಾಡೊಳೀಕೆ ಹೋಗ್ಬುಟ್ರೆ ಯಾರು ಹೊಣೆ? ರಾಮನಗರದಲ್ಲಿ ಇಂಥವರಿಗೇ ಅಂತ ಬ್ಯಾರೆ ಸ್ಕೂಲ್ ಐತಂತೆ. ಅಲ್ಲಿಗೆ ಸೇರಿಸಿದ್ರೆ ಎಲ್ಲಾರಿಗೂ ಒಳ್ಳೇದು."

"ಹೌದು, ನಮ್ ಮಕ್ಕಳ ಓದೂ ಕೆಡ್ತೈತೆ" ಅಂತ ಹಿಂದಿನಿಂದ ಯಾರೋ ದನಿಗೂಡಿಸಿದರು.

ಮಂಜುಳಮ್ಮ ಕಂಬಕ್ಕೆ ಒರಗಿ ನಿಂತಿದ್ದಳು, ಮಗಳು ಕಾಲ ಬಳಿ. "ಮನೇಲಿದ್ರೂ ಓಡ್ತಾಳೆ ಶಿವಣ್ಣ" ಅಂದಳು. "ದಿನಾ ಓಡ್ತಾಳೆ. ಸ್ಕೂಲಿಂದ ಓಡಿದ್ದು ಅವತ್ತೊಂದೇ ದಿನ."

ನನಗೆ ಹೇಳಬೇಕಾದದ್ದು ಇತ್ತು, ಅವತ್ತು ಪೂರ್ವಿಕಳ ಪಕ್ಕದಲ್ಲಿ ನಿಂತಿದ್ದವನು ನಾನು. ಎದ್ದು ನಿಂತೆ. ಬರಬೇಕಾದ ಪದ 'ಮೈಕ್'. ತುಟಿ ಅಂಟಿಕೊಂಡಿತು. "ಮ್... ಮ್..." ಒಬ್ಬಿಬ್ಬರು ತಲೆ ತಗ್ಗಿಸಿದರು, ಒಬ್ಬ ನನ್ನ ಬದಲು ಏನೋ ಹೇಳಲು ಬಾಯಿ ತೆರೆದ. ಮೇಡಂ ಅವನತ್ತ ಅಂಗೈ ತೋರಿಸಿ ತಡೆದರು, ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಬಸ್ಸಿನಲ್ಲಿ ಕಾಯುತ್ತಿದ್ದ ಹಾಗೇ ಕಾದರು. "ಮೈಕ್ ಕಿರುಚಿದ್ದಕ್ಕೆ ಓಡಿದಳು. ಅವಳಿಗೆ ಅದು ಹೊಡೆದ ಹಾಗೆ. ಸ್ಕೂಲು ಬೇಡ ಅಂತ ಓಡಿದ್ದಲ್ಲ." ಅಷ್ಟು ಹೇಳುವುದಕ್ಕೆ ನನ್ನ ಅಂಗಿ ಒದ್ದೆಯಾಯಿತು.

ಶಿವಣ್ಣನ ಮುಖ ಸಣ್ಣದಾಯಿತು. "ಅಂದ್ರೆ ತಪ್ಪು ನಂದು ಅನ್ನಿ."

"ನೀವು ಪ್ರೀತಿಯಿಂದ ತಂದ್ರಿ ಶಿವಣ್ಣ. ಗೊತ್ತಿದ್ದೂ ಹಾಕೋಕೆ ಬಿಟ್ಟೋಳು ನಾನು. ತಪ್ಪು ನಂದು" ಅಂದರು ಮೇಡಂ.

ಅಷ್ಟರಲ್ಲಿ ಮಳೆ ಬಂತು, ಸಣ್ಣದಲ್ಲ, ಮರವನ್ನೇ ಬುಡ ಸಮೇತ ಕೀಳುವಂಥ ಮಳೆ. ಮಂಜುಳಮ್ಮ ಮಗಳನ್ನು ಹೆಂಚಿನ ರೂಮಿಗೆ ಕರೆದೊಯ್ದಳು, ಮಿಕ್ಕವರೆಲ್ಲ ಎದ್ದು ಶೀಟಿನ ರೂಮಿಗೆ ನುಗ್ಗಿದೆವು. ಒಳಗೆ ತಲೆಯ ಮೇಲೆ ಜಲ್ಲಿ ಸುರಿದ ಹಾಗೆ ಶಬ್ದ. ಮೇಡಂ ಬೋರ್ಡಿನ ಮುಂದೆ ನಿಂತು ಮಾತಾಡುತ್ತಲೇ ಇದ್ದರು. ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. "ಏನು? ಏನಂದ್ರಿ?" ಅಂತ ಜನ ಕೂಗಿದರು. ಅವರು ದನಿ ಏರಿಸಲೇ ಇಲ್ಲ. ಕೊಂಚ ಹೊತ್ತಿಗೆ ಒಬ್ಬ ಅಜ್ಜ ಎರಡೂ ಕಿವಿ ಮುಚ್ಚಿಕೊಂಡ. ಆಮೇಲೆ ಶಿವಣ್ಣ.

ಮಳೆ ತಗ್ಗಿದ ಮೇಲೆ ಮೇಡಂ, "ಇಷ್ಟೊತ್ತು ಎರಡನೇ ಕ್ಲಾಸಿನ ಪಾಠ ಹೇಳಿದೆ. ಯಾರಿಗೆ ಗೊತ್ತಾಯ್ತು, ಕೈ ಎತ್ತಿ ನೋಡೋಣ" ಅಂದರು.

ಒಬ್ಬರ ಕೈಯೂ ಏಳಲಿಲ್ಲ.

"ನಿಮ್ಮೆಲ್ಲರ ಮಕ್ಕಳೂ ಇಲ್ಲೇ ಕೂತು ಕೇಳೋದು. ಅವು ಸುಮ್ಮನೆ ಸಹಿಸ್ಕೊಂಡವೆ. ಆ ಮಗಿಗೆ ಸಹಿಸೋಕಾಗಲ್ಲ, ಅದಕ್ಕೆ ನಮಗೆ ಗೊತ್ತಾಯ್ತು. ಅವಳನ್ನ ಕಳಿಸಿಬುಟ್ರೆ ಈ ರೂಮು ಸರಿಹೋಗುತ್ತಾ?"

ಆ ದಿನ ಏನೂ ತೀರ್ಮಾನವಾಗಲಿಲ್ಲ. ಜನ ಮಳೆ ನಿಂತದ್ದೇ ಮನೆಗೆ ಹೋದರು. ಎರಡು ದಿನ ಬಿಟ್ಟು ಬೆಳಿಗ್ಗೆ ಶಾಲೆಯ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದರ ತುಂಬ ಬಿದಿರಿನ ಹಳೆಯ ಚಂದ್ರಿಕೆಗಳು, ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ದೊಡ್ಡ ತಟ್ಟಿಗಳು. ಎಲ್ಲರೂ ಪ್ಲಾಸ್ಟಿಕ್ಕಿನವನ್ನು ತಂದ ಮೇಲೆ ಇವು ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು. ಟ್ರ್ಯಾಕ್ಟರಿಂದ ಇಳಿದ ಶಿವಣ್ಣ ಯಾರ ಮುಖವನ್ನೂ ನೋಡದೆ ಹೇಳಿದ: "ಹುಳದ ಮನೇಲಿ ಸೆಖೆ ತಡೆಯೋಕೆ ನಮ್ಮಪ್ಪ ಶೀಟಿನಡಿ ಇವನ್ನ ಕಟ್ತಿದ್ದ. ನಡುವೆ ಗೋಣಿಚೀಲ ತುಂಬಿದ್ರೆ ಮಳೆ ಸದ್ದೂ ಬರಾಕಿಲ್ಲ. ಹುಳಕ್ಕೆ ಮಾಡ್ತೀವಿ, ಮಕ್ಕಳಿಗೆ ಮಾಡಾಕಿಲ್ವಾ?"

ಭಾನುವಾರ ಊರಿನವರೇ ಸೇರಿ ಕಟ್ಟಿದರು. ಮೇಡಂ ಕೆಳಗೆ ನಿಂತು ಎಲ್ಲರಿಗೂ ತಪ್ಪು ತಪ್ಪು ಸೂಚನೆ ಕೊಡುತ್ತ, ಅಡ್ಡಾಡುತ್ತ, ಕೊನೆಗೆ ಶಿವಣ್ಣನ ಕೈಲೇ "ನೀವು ಒಸಿ ಕೂತ್ಕಳಿ ಮೇಡಮ್ಮೋರೆ" ಅನ್ನಿಸಿಕೊಂಡರು. ಮುಂದಿನ ಮಳೆಗೆ ನಾನು ಆ ರೂಮಿನಲ್ಲಿ ಪಾಠ ಮಾಡುತ್ತಿದ್ದೆ. ಮಳೆ ದೂರದಲ್ಲೆಲ್ಲೋ ಬರುತ್ತಿದ್ದ ಹಾಗೆ ಕೇಳಿತು. ಪೂರ್ವಿಕ ಕಿವಿ ಮುಚ್ಚಿಕೊಳ್ಳದೆ ಮೇಲೆ ನೋಡುತ್ತ ಕೂತಿದ್ದಳು. ರಾಮನಗರದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಪವಾಡವೇನೂ ಆಗಲಿಲ್ಲ. ಪೂರ್ವಿಕ ಗಲಗಲ ಮಾತಾಡಲು ಕಲಿಯಲಿಲ್ಲ, ಗಣಿತ ಇವತ್ತಿಗೂ ಬರುವುದಿಲ್ಲ. ಆದರೆ ಮೂರನೇ ಕ್ಲಾಸಿಗೆ ಸಂದಿನಿಂದ ಹೊರಗೆ ಬಂದಳು, ಐದಕ್ಕೆ ತನ್ನ ಹೆಸರು ಬರೆದಳು. ಏಳು ಮುಗಿಸಿ ಈಗ ಹೈಸ್ಕೂಲಿಗೆ ತಾಯಿಯ ಜೊತೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನಾನೂ ಕೆಲಸ ಬಿಡಲಿಲ್ಲ. ಉಗ್ಗು ಹೋಗಿಲ್ಲ, ಅದರ ಭಯ ಹೋಯಿತು.

ಪೂರ್ವಿಕ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೇಡಂಗೆ ಮಾಗಡಿ ಕಡೆಗೆ ವರ್ಗವಾಯಿತು. ಸಾವನದುರ್ಗದ ಬಂಡೆ ಕಾಣುವ ಊರು. ಹೋಗುವ ದಿನ ಭಾಷಣ ಬೇಡವೆಂದರು. ಗಣಿತದ ಮೇಷ್ಟ್ರು ಅತ್ತದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ. ಮಾಗಡಿ ಕಡೆಯಲ್ಲೇ ಮೇಡಂ ನಿವೃತ್ತರೂ ಆದರು. ಆಗಾಗ ಫೋನು ಮಾಡಿದರೆ ಸುಖದುಃಖ ಆಮೇಲೆ, ಮೊದಲು ಮಕ್ಕಳ ವಿಚಾರ. ಸಕ್ಕರೆ ಕಾಯಿಲೆ ಕಿಡ್ನಿಗೆ ಹೋಗಿದೆ ಅಂತ ಅವರ ಮಗಳು ಹೇಳಿದ ಮೇಲೇ ನನಗೆ ತಿಳಿದದ್ದು. ಹೋದ ಆಷಾಢದಲ್ಲಿ ತೀರಿಕೊಂಡರು. ನಾನೂ ಶಿವಣ್ಣನೂ ಮಂಜುಳಮ್ಮನೂ ದೊಡ್ಡಮಳೂರಿಗೆ ಹೋಗಿ ಮಣ್ಣು ಮಾಡುವವರೆಗೆ ಇದ್ದು ಬಂದೆವು.

ಮಾರನೆ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಹೇಳಿ ಒಂದು ನಿಮಿಷ ಮೌನವಾಗಿ ನಿಲ್ಲಿಸಿದೆ. ದೊಡ್ಡ ಕ್ಲಾಸಿನ ಕೆಲವರನ್ನು ಬಿಟ್ಟರೆ ಈಗಿರುವ ಮಕ್ಕಳಲ್ಲಿ ಯಾರೂ ಅವರನ್ನು ನೋಡಿದವರಲ್ಲ. ಸಾಲು ಚದುರಿದ ಮೇಲೆ ಎರಡನೇ ಕ್ಲಾಸಿನ ಒಬ್ಬ ಹುಡುಗಿ ನನ್ನ ಪಕ್ಕ ಬಂದು ನಿಂತಳು.

"ಯಾರ್ ಸಾ ಅವರು?"

"ಮುಂಚೆ ಇಲ್ಲಿ ಹೆಡ್ ಮಿಸ್ ಆಗಿದ್ರು ಕಣವ್ವ."

"ಏನ್ ಮಾಡಿದ್ರು ಸಾ?"

ಮುಂಚೆ ಈ ಸ್ಕೂಲು ಹೇಗಿತ್ತು, ಅವರು ಬಂದ ಮೇಲೆ ಹೇಗಾಯಿತು ಅಂತ ತಡವರಿಸಿ ತಡವರಿಸಿ ನಾಲ್ಕು ಮಾತು ಹೇಳಿದೆ. ಅವಳು ಅವಸರ ಮಾಡದೆ ಪೂರ್ತಿ ಕೇಳಿದಳು. ಆದರೆ ಅವಳ ಮುಖದಲ್ಲಿ ಬೆರಗೇನೂ ಕಾಣಲಿಲ್ಲ, ಅರ್ಥವಾಗದ ಗಲಿಬಿಲಿ ಇತ್ತು.

"ಸ್ಕೂಲ್ ಅಂದ್ರೆ ಹಿಂಗೇ ಅಲ್ವಾ ಸಾ ಇರೋದು?" ಅಂದಳು.

"ಹೂಂ ಕಣವ್ವ" ಅಂದೆ. "ಹಿಂಗೇ ಇರೋದು."

ಅವಳು ಕ್ಲಾಸಿಗೆ ಓಡಿದಳು.